ಗ್ರಾಂಟ್ ರೋಡಿಗೆ ಬಾರದ ಟೆನಿಸ್

ಚರ್ಚ್‌ಗೇಟಿನಿಂದ ಹೊರಟ ಸ್ಲೋ ಲೋಕಲ್‌ಗೆ ಗ್ರಾಂಟ್ ರೋಡ್ ಮೂರನೆಯ ಸ್ಟೇಷನ್. 2006ರ ಸೆಪ್ಟೆಂಬರಿನಲ್ಲಿ ಚರ್ಚ್‌ಗೇಟ್ ಪಕ್ಕದ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಪುರುಷರ ಹೊಸ ಎಟಿಪಿ ಟೂರ್ನಿ ಶುರುವಾಯಿತು. ಬಯಲಿನ ಹಾರ್ಡ್ ಕೋರ್ಟು, ಹೆಸರಿಗೆ ಕಿಂಗ್‌ಫಿಶರ್ ಏರ್‌ಲೈನ್ಸ್. ಮುಂಬಯಿಗೆ ದೊಡ್ಡ ಟೆನಿಸ್ ಬಂತು ಎಂದರು. ಯಾವ ಮುಂಬಯಿಗೆ? ಗ್ರಾಂಟ್ ರೋಡಿನ ಚಾಳಿನ ಹುಡುಗನಾಗಲಿ, ಅಲ್ಲಿನ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕುಂದಾಪುರದ ಹುಡುಗನಾಗಲಿ ಆ ವಾರ ಟಿಕೆಟ್ ಕೊಂಡು ಒಳಗೆ ಹೋಗಿರಬಹುದು. ಮರುವಾರ ರ‍್ಯಾಕೆಟ್ ಹಿಡಿದು ಅದೇ ಗೇಟಿಗೆ ಹೋದರೆ? ಅದು ಸದಸ್ಯರ ಕ್ಲಬ್ಬು.

ಮೊದಲ ವರ್ಷ ತುರ್ಸುನೊವ್ ಗೆದ್ದ, ಮರುವರ್ಷ ಗ್ಯಾಸ್ಕೆ. 2008ಕ್ಕೆ ಟೂರ್ನಿ ಬೆಂಗಳೂರಿಗೆ ಹೋಗಬೇಕಿತ್ತು. ಆ ಜುಲೈನಲ್ಲಿ ಅಲ್ಲಿ ಸರಣಿ ಬಾಂಬ್ ಸಿಡಿದ ಮೇಲೆ ಭದ್ರತೆಯ ಕಾರಣಕ್ಕೆ ರದ್ದಾಯಿತು. 2012ರಲ್ಲಿ ಆ ವಿಮಾನಗಳೂ ನೆಲಕ್ಕಿಳಿದವು.

ದೊಡ್ಡ ಆಟಗಾರರನ್ನು ಕಣ್ಣಾರೆ ಕಂಡರೆ ಮಕ್ಕಳು ಆಟಕ್ಕೆ ಬರುತ್ತಾರೆ ಎಂಬುದು ಸಂಘಟಕರ ಹಳೆಯ ವಾದ. ಬರುತ್ತಾರೆ, ಸರಿ. ಆಡುವುದೆಲ್ಲಿ? ಹುಲ್ಲಿನ ಅಂಕಣಕ್ಕೆ ಮಾಲಿ ಬೇಕು, ಮಣ್ಣಿನದಕ್ಕೆ ದಿನಾ ನೀರು, ರೋಲರ್, ಗೆರೆ ಗುಡಿಸಲು ಆಳು. ಹಾರ್ಡ್ ಕೋರ್ಟೆಂದರೆ ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಅಕ್ರಿಲಿಕ್ ಬಣ್ಣದ ಪದರಗಳು. ಮಳೆ ನಿಂತರೆ ನೀರು ಎಳೆದು, ಒಣಗಿಸಿ ಆಡಬಹುದು. ನಗರಪಾಲಿಕೆಗೆ ಹೇಳಿಮಾಡಿಸಿದ ಅಂಕಣ ಅದು. ಅಮೆರಿಕನ್ನರು 1978ರಲ್ಲಿ ತಮ್ಮ ಯುಎಸ್ ಓಪನ್ನನ್ನು ಫಾರೆಸ್ಟ್ ಹಿಲ್ಸ್‌ನ ಖಾಸಗಿ ಕ್ಲಬ್ಬಿನಿಂದ ಕಿತ್ತು ನ್ಯೂಯಾರ್ಕಿನ ಸಾರ್ವಜನಿಕ ಉದ್ಯಾನವೊಂದರ ಹಾರ್ಡ್ ಕೋರ್ಟಿಗೆ ತಂದರು. ಟೂರ್ನಿ ಇಲ್ಲದ ದಿನಗಳಲ್ಲಿ ಬಾಡಿಗೆ ಕೊಟ್ಟವರು ಯಾರೂ ಅಲ್ಲಿ ಆಡಬಹುದು. ಮುಂಬಯಿ ಆ ಅಂಕಣವನ್ನೇ ಕ್ಲಬ್ಬಿನೊಳಗೆ ಇಟ್ಟುಕೊಂಡಿತು.

ಪುಣೆಯ ಉದಾಹರಣೆ ಕೊಡುವವರಿದ್ದಾರೆ. ಬಾಲೆವಾಡಿ ಸರ್ಕಾರದ ಕ್ರೀಡಾಸಂಕೀರ್ಣ, ನಿಜ. 2018ರಲ್ಲಿ ಚೆನ್ನೈಯಿಂದ ಅಲ್ಲಿಗೆ ಬಂದ ಟೂರ್ನಿ 2023ಕ್ಕೆ ಮುಗಿಯಿತು; 2024ರಲ್ಲಿ ಆ ಜಾಗಕ್ಕೆ ಹಾಂಗ್‌ಕಾಂಗ್ ಬಂತು. ಎಟಿಪಿ ವೇಳಾಪಟ್ಟಿಯಲ್ಲಿನ ಒಂದು ವಾರವೆಂಬುದು ಕೊಳ್ಳುವ, ಮಾರುವ ಆಸ್ತಿ. ಅದರ ಒಡೆಯ ಊರಲ್ಲ. ಹಾಗಾಗಿ ಬಾಲೆವಾಡಿಯಲ್ಲಿ ಕನಿಷ್ಠ ಕೋರ್ಟುಗಳಾದರೂ ಉಳಿದವು ಎಂಬುದೇ ಪುಣೆಯ ಪಾಠ.

ಬೆಂಗಳೂರಿನಲ್ಲಿ 2015ರಿಂದ ಇರುವ ಚಾಲೆಂಜರ್ ಇದಕ್ಕಿಂತ ಚಿಕ್ಕದು, ಕಬ್ಬನ್ ಪಾರ್ಕಿನ ಕೋರ್ಟುಗಳಲ್ಲಿ ನಡೆಯುವಂಥದ್ದು. 2017ರಲ್ಲಿ ಸುಮಿತ್ ನಾಗಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಗೆದ್ದದ್ದು ಇಲ್ಲೇ. ಕೆಳಹಂತದ ಈ ಪಾಯಿಂಟುಗಳೇ ನಮ್ಮ ಹುಡುಗರ ಅನ್ನ.

ಮುಂಬಯಿಗೆ ಇನ್ನೊಂದು ‘ಹೊಸ ಟೂರ್ನಿ’ ಘೋಷಣೆಯಾದಾಗ ಬಹುಮಾನ ಎಷ್ಟು, ಯಾವ ತಾರೆ ಬರುತ್ತಾನೆ ಎಂದು ಪತ್ರಕರ್ತರು ಕೇಳಲಿ, ಬೇಡವೆನ್ನುವವರಾರು? ಜೊತೆಗೆ ನಾನಾ ಚೌಕದಲ್ಲಿರುವ ಪಾಲಿಕೆಯ ಡಿ ವಾರ್ಡ್ ಕಚೇರಿಗೂ ಒಮ್ಮೆ ಹೋಗಿ ಬರಲಿ, ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಈ ವಾರ್ಡಿನಲ್ಲಿ ಎಷ್ಟು ಕೋರ್ಟು ಕಟ್ಟುತ್ತೀರಿ, ಗಂಟೆಗೆ ಬಾಡಿಗೆ ಎಷ್ಟು, ಸಂಜೆ ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಲಿ.