ಸಾಣೆಯ ಗಣಿತ ಮತ್ತು ಸೂತ್ರದ ಗಣಿತ

ಅಹಮದಾಬಾದಿನ ಉತ್ತರದಂಚಿನ ಚಾಂದ್‌ಖೇಡಾ ವಿದ್ಯಾಸಂಸ್ಥೆಗಳ ನೆಲೆ. ಗುಜರಾತ್ ತಾಂತ್ರಿಕ ವಿಶ್ವವಿದ್ಯಾನಿಲಯವೂ ವಿಶ್ವಕರ್ಮ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಅಲ್ಲಿವೆ, ಗಾಂಧಿನಗರದ ಐ.ಐ.ಟಿ. 2008ರಲ್ಲಿ ಮೊದಲುಗೊಂಡುದೂ ಈ ಕಾಲೇಜಿನ ಆವರಣದಲ್ಲಿಯೇ. ಇಂಜಿನಿಯರಿಂಗ್ ವಿದ್ಯಾರ್ಥಿಯು ಪಟ್ಟಕ, ಪಿರಮಿಡ್ ಮೊದಲಾದ ಘನಾಕೃತಿಗಳನ್ನು ರೇಖೆಗಳಾಗಿ ಕಾಗದದ ಮೇಲೆ ಇಳಿಸುವುದನ್ನು ಮೊದಲ ವರ್ಷವೇ ಕಲಿಯುತ್ತಾನೆ. ಅದೇ ರಾಜ್ಯದ ದಕ್ಷಿಣದಲ್ಲಿರುವ ಸೂರತ್ತಿನಲ್ಲಿ, ಹೆಚ್ಚು ಓದದ ಎಷ್ಟೋ ಮಂದಿ ಕುಶಲಕರ್ಮಿಗಳು ಅಂಥ ಆಕೃತಿಗಳನ್ನೇ ವಜ್ರದಲ್ಲಿ ಬಿಡಿಸಿ ತೆಗೆಯುತ್ತಾರೆ. ಒಂದು ತಿಳಿವಿಗೆ ಪದವಿಯುಂಟು. ಇನ್ನೊಂದಕ್ಕೆ ಕೂಲಿ ಮಾತ್ರ. ಇವೆರಡೂ ಒಂದೇ ಶಾಸ್ತ್ರವೆಂಬುದು ಮರೆತುಹೋಗಿದೆ. ಈ ಮರೆವು ಗುಜರಾತಿಗೆ ಸೀಮಿತವಾದುದಲ್ಲ. ಕನ್ನಡ ಶಾಲೆಗಳ ರೇಖಾಗಣಿತವನ್ನೂ ಅದು ಬಡವಾಗಿಸಿದೆ.

ಸಮತಲ ಮುಖಗಳಿಂದ ಆವೃತವಾಗಿ, ಎಲ್ಲಿಯೂ ಒಳಕ್ಕೆ ತಗ್ಗದ ಆಕೃತಿಗೆ ಪೀನ ಬಹುಮುಖ ಘನಾಕೃತಿ ಎಂದು ಹೆಸರು. ಅದರೊಳಗಿನ ಯಾವ ಎರಡು ಬಿಂದುಗಳನ್ನು ಸೇರಿಸಿದರೂ ಆ ರೇಖೆ ಒಳಗೇ ಉಳಿಯುತ್ತದೆ. ಸಾಣೆ ಹಿಡಿಯುವವನಿಗೆ ಈ ಲಕ್ಷಣವಾಕ್ಯ ಬೇಕಿಲ್ಲ. ವಜ್ರದ ಪುಡಿ ಲೇಪಿಸಿದ ಚಪ್ಪಟೆ ಚಕ್ರಕ್ಕೆ ಕಲ್ಲನ್ನು ಒತ್ತಿದಾಗಲೆಲ್ಲ ಒಂದು ಸಮತಲದ ಆಚೆಗಿರುವುದು ಸವೆದುಹೋಗುತ್ತದೆ. ಹಳೆಯ ಮೈ ಪೂರ್ತಿ ಕಳೆದ ಮೇಲೆ ಉಳಿಯುವುದು ಪೀನಾಕೃತಿಯಲ್ಲದೆ ಬೇರೆಯಾಗದು. ಗಣಿತಜ್ಞರು ಗ್ರಂಥಗಳಲ್ಲಿ ವಿವರಿಸುವ ರಚನಾಕ್ರಮಗಳಲ್ಲಿ ಇದೂ ಒಂದು.

ಗಣಿಯಿಂದ ಬರುವ ವಜ್ರವು ಅನೇಕ ವೇಳೆ ಅಷ್ಟಮುಖಿ: 6 ಶೃಂಗ, 12 ಅಂಚು, 8 ಮುಖ. ದುಂಡು ‘ಬ್ರಿಲಿಯಂಟ್’ ಕಟ್ಟಿನಲ್ಲಿ ಅದಕ್ಕೆ ಮೇಲೆ 33, ಕೆಳಗೆ 24, ಒಟ್ಟು 57 ಮುಖಗಳು ಮೂಡುತ್ತವೆ. ನಡುವಿನ ಪಟ್ಟಿಯನ್ನು 16 ಭುಜಗಳ ತೆಳುರೇಖೆಯೆಂದು ಭಾವಿಸಿ ಎಣಿಸಿದರೆ ಶೃಂಗಗಳು 41, ಅಂಚುಗಳು 96. ಶೃಂಗಗಳಿಗೆ ಮುಖಗಳನ್ನು ಕೂಡಿ ಅಂಚುಗಳನ್ನು ಕಳೆದರೆ ಎರಡೂ ಕಡೆ ಉಳಿಯುವುದು 2. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಕಂಡ ಸೂತ್ರವಿದು. ಎಷ್ಟು ಸಾಣೆ ಹಿಡಿದರೂ ಆ ಎರಡು ಮಾತ್ರ ಸವೆಯುವುದಿಲ್ಲ.

ಕಳೆದು ಕಡೆಯುವುದು ಒಂದು ದಾರಿಯಾದರೆ ಮಡಚಿ ಕಟ್ಟುವುದು ಇನ್ನೊಂದು. ಇದಕ್ಕೆ ರಟ್ಟು, ಕತ್ತರಿ, ಅಂಟು ಸಾಕು. ಸಮಬಾಹು ತ್ರಿಭುಜಗಳನ್ನು ಒಂದು ಮೊನೆಯ ಸುತ್ತ ಮೂರು, ನಾಲ್ಕು, ಐದು ಜೋಡಿಸಿದರೆ ರಟ್ಟು ಮೇಲೇಳುತ್ತದೆ. ಆರು ಜೋಡಿಸಿದರೆ 360 ಡಿಗ್ರಿ ತುಂಬಿ ನೆಲಕ್ಕೆ ಒರಗುತ್ತದೆ. ಚೌಕ, ಪಂಚಭುಜಗಳಲ್ಲಿ ಮೂರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ನಿಯತ ಪೀನ ಘನಾಕೃತಿಗಳು ಐದೇ ಏಕೆಂಬುದನ್ನು ಮಗುವಿನ ಬೆರಳೇ ಹೇಳುತ್ತದೆ. ಅಷ್ಟಮುಖಿಯ ಪ್ರತಿ ಮೊನೆಯಲ್ಲಿ 360ಕ್ಕೆ 120 ಡಿಗ್ರಿ ಕೊರತೆ. ಆರು ಮೊನೆಗಳಿಂದ 720. ಯಾವ ಪೀನ ಬಹುಮುಖಿಯನ್ನು ತೆಗೆದುಕೊಂಡರೂ ಈ ಮೊತ್ತ ಬದಲಾಗದೆಂಬುದು ಡೆಕಾರ್ಟ್ ಕಂಡ ಸತ್ಯ.

ಕೈಯನ್ನು ಬಿಟ್ಟ ಸೂತ್ರ ಎಡವಬಲ್ಲುದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. 499ರ ಆರ್ಯಭಟೀಯದಲ್ಲಿ, ಸಾಮಾನ್ಯವಾಗಿ ಅರ್ಥೈಸುವಂತೆ, ತ್ರಿಕೋನ ಪಾದದ ಪಿರಮಿಡ್ಡಿನ ಘನಫಲ ಪಾದ-ಎತ್ತರಗಳ ಗುಣಲಬ್ಧದ ಅರ್ಧ. ತ್ರಿಭುಜಕ್ಕೆ ಸಲ್ಲುವ ಅರ್ಧವೇ ಘನಾಕೃತಿಗೂ ಸಂದಿರಬೇಕು. 628ರಲ್ಲಿ ಭಿಲ್ಲಮಾಲದ ಬ್ರಹ್ಮಗುಪ್ತ ಅದು ಮೂರನೆಯ ಒಂದೆಂದು ಸರಿಯಾಗಿ ಹೇಳಿದ. ಸಮಘನವೊಂದನ್ನು ಸಮಾನವಾದ ಮೂರು ಪಿರಮಿಡ್‌ಗಳಾಗಿ ಬಿಡಿಸಿ ಮತ್ತೆ ಕೂಡಿಸಿದ ಬಾಲಕನು ಅರ್ಧವೆಂದು ಎಂದಿಗೂ ಬರೆಯಲಾರ.

ಕನ್ನಡಕ್ಕೆ ಈ ವಿದ್ಯೆ ಹೊರಗಿನದಲ್ಲ. ಸೂರತ್ತಿನ ಸುತ್ತಣ ಲಾಟದೇಶವನ್ನು ರಾಷ್ಟ್ರಕೂಟರ ಶಾಖೆಯೊಂದು ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯವನ್ನು ನೆನೆದು ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡದಲ್ಲಿಯೇ ಹೇಳಿದ. ಇಂಥ ಪರಂಪರೆಯ ನಾಡಿನಲ್ಲಿ ವಿದ್ಯಾರ್ಥಿಯು ಆಯ್ಲರನ ಸೂತ್ರವನ್ನು ಕಂಠಪಾಠ ಮಾಡಿ, ಒಂದು ಅಷ್ಟಮುಖಿಯನ್ನೂ ಕೈಯಲ್ಲಿ ಹಿಡಿಯದೆ ಉತ್ತೀರ್ಣನಾಗುವುದು ಶೋಚನೀಯ.

ರಟ್ಟಿನ ಆಟ ಸಾಧನೆಯಾಗದು, ಪರೀಕ್ಷೆಗೆ ಸಮಯವಿಲ್ಲ ಎಂಬ ಆಕ್ಷೇಪಗಳುಂಟು. ಮೊದಲನೆಯದು ನಿಜ: ನೂರು ಆಕೃತಿಗಳನ್ನು ಎಣಿಸಿದರೂ ಪ್ರಮೇಯ ಸಿದ್ಧವಾಗದು. ಆದರೆ ಏನನ್ನು ಸಾಧಿಸಬೇಕೆಂಬ ಅರಿವು ಮೂಡುವುದು ಎಣಿಕೆಯಿಂದಲೇ. ಎರಡನೆಯದಕ್ಕೆ ಉತ್ತರ ಸರಳ: ಒಂದು ಮಧ್ಯಾಹ್ನ ಮಡಚಿದ್ದು ವರ್ಷವಿಡೀ ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಭಾಷಾ ವಿಭಾಗಗಳಿಗೂ ಇಲ್ಲೊಂದು ಹೊಣೆಯಿದೆ. ಪಠ್ಯದ ಶೃಂಗದ ಪಕ್ಕದಲ್ಲಿ ಜನರ ಮೊನೆ, ಅಂಚಿನ ಪಕ್ಕದಲ್ಲಿ ಏಣು, ಇವು ಕೋಶಕ್ಕೂ ಪಾಠಕ್ಕೂ ಸಲ್ಲಬೇಕು. ಬಡಗಿ, ಕಲ್ಲುಕುಟಿಗ, ಅಕ್ಕಸಾಲಿಗರ ಮಾತುಗಳನ್ನು ಸಂಗ್ರಹಿಸದೆ ಪರಿಭಾಷೆ ಪೂರ್ಣವಾಗದು. ಸಾಣೆ ಹಿಡಿಯುವ ಕೈಗೂ ಸೂತ್ರ ಬರೆಯುವ ಕೈಗೂ ಒಂದೇ ನುಡಿ ದೊರೆತಂದು, ಕೂಲಿಯೆಂದು ಕರೆಸಿಕೊಂಡ ವಿದ್ಯೆಗೆ ವಿದ್ಯೆಯೆಂಬ ಹೆಸರು ಸಲ್ಲುತ್ತದೆ.