ಆಲೂಗೆಡ್ಡೆ ಮೊದಲು ಹಿತ್ತಲಿಗೆ, ಆಮೇಲೆ ಹೊಲಕ್ಕೆ

ಹಿತ್ತಲ ಗಿಡ ಮದ್ದಲ್ಲ ಎಂಬುದು ಹಿರಿಯರ ಗಾದೆ. ಹತ್ತಿರವಿರುವುದಕ್ಕೆ ಬೆಲೆ ಕೊಡದವರನ್ನು ಕಂಡು ಅವರು ಆಡಿದ ಮಾತಿದು. ನಮ್ಮ ತಾಳವಾಡಿ ಸೀಮೆಯ ರೈತರು ಆಲೂಗೆಡ್ಡೆಯ ವಿಷಯದಲ್ಲಿ ನಡೆದುಕೊಳ್ಳುತ್ತಿರುವುದೂ ಹೀಗೆಯೇ. ಹೆಚ್ಚು ಇಳುವರಿಯ ಹೊಸ ತಳಿ ಬಂದಿದೆಯಂತೆ ಎಂಬ ಸುದ್ದಿ ಸಂತೆಯಲ್ಲಿ ಕಿವಿಗೆ ಬಿದ್ದರೆ ಸಾಕು, ಎಕರೆಗಟ್ಟಲೆ ಹೊಲ ಹಸನು ಮಾಡಿ, ಸಾಲ ತಂದು ಮೂಟೆ ಇಳಿಸುತ್ತೇವೆ. ಮನೆಯ ಹಿಂದಿನ ಅರ್ಧ ಸೆಂಟು ಜಾಗದಲ್ಲಿ ಮೊದಲು ಬೆಳೆದು ನೋಡೋಣ ಎಂಬ ಯೋಚನೆ ಮಾತ್ರ ಬರುವುದಿಲ್ಲ. ಯಾವ ತಳಿಯೇ ಇರಲಿ, ಒಂದು ಹಂಗಾಮು ಹಿತ್ತಲಲ್ಲಿ ಬೆಳೆದು, ತೂಗಿ ನೋಡದೆ ಅದನ್ನು ಹೊಲಕ್ಕೆ ಇಳಿಸಬಾರದು ಎಂಬುದು ನಮ್ಮ ಖಂಡಿತವಾದ ಅಭಿಪ್ರಾಯ.

ಈ ಬುದ್ಧಿ ನಮಗೂ ಪೆಟ್ಟು ತಿಂದ ಮೇಲೆಯೇ ಬಂದದ್ದು. 2014ರ ಮುಂಗಾರಿನಲ್ಲಿ ವ್ಯಾಪಾರಿಯೊಬ್ಬರ ಮಾತು ನಂಬಿ ಒಂದು ಎಕರೆಗೆ ಗೆಡ್ಡೆ ಹಾಕಿದೆವು. ನಲವತ್ತು ದಿನ ಬೆಳೆ ಕಣ್ಣಿಗೆ ಹಬ್ಬವಾಗಿತ್ತು. ಆಮೇಲೆ ಹಸಿರು ಹಸಿರಾಗಿದ್ದ ಗಿಡಗಳೇ ಒಂದೊಂದಾಗಿ ಬಾಡತೊಡಗಿದವು. ನೀರು ಸಾಲದೆಂದು ನೀರು ಕಟ್ಟಿದೆವು, ಬಾಡುವುದು ಹೆಚ್ಚಿತು. ತಿಳಿದವರೊಬ್ಬರು ಬಂದು, ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲಿನಂತಹ ಎಳೆ ಇಳಿಯಿತು. ಅದು ದುಂಡಾಣು ಸೊರಗು ರೋಗ. ಗೆಡ್ಡೆಯ ಒಳಗೇ ಅಡಗಿ ಹೊಲಕ್ಕೆ ಬಂದಿತ್ತು. ಆ ವರ್ಷ ಬ್ಯಾಂಕಿಗೆ ಹೋದ ಮನೆಯವರ ಒಡವೆ ತಿರುಗಿ ಮನೆಗೆ ಬರಲು ಎರಡು ವರ್ಷ ಹಿಡಿಯಿತು.

ಪಕ್ಕದ ಹೊಲದ ಹಿರಿಯರು ಅಂದು ಹೇಳಿದ ಮಾತನ್ನು ನಾವು ಮರೆತಿಲ್ಲ: “ಮೇಷ್ಟ್ರೇ, ಐಕ್ಳಿಗೆ ಸಿಲೇಟಲ್ಲಿ ತಿದ್ಸಿ ಆಮ್ಯಾಲೆ ಪುಸ್ತಕದಲ್ಲಿ ಬರಸ್ತೀರಿ. ನೀವ್ ಮಾತ್ರ ಒಂದೇ ಸಲಕ್ಕೆ ಪುಸ್ತಕಕ್ಕೇ ಬರದ್ಬುಟ್ರಲ್ಲ!” ಹಿತ್ತಲೇ ರೈತನ ಸ್ಲೇಟು. ಅಲ್ಲಿ ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು.

ತಳಿಯ ಹೆಸರಿಗೆ ನಾವು ಮರುಳಾಗುವುದು ಸಲ್ಲದು. ಭಾರತದ ಆಲೂಗೆಡ್ಡೆ ಸಂಶೋಧನಾ ಕೇಂದ್ರವು 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಸಿಮ್ಲಾಕ್ಕೆ ಹೋಯಿತು. ಅಲ್ಲಿಗೆ ಸಮೀಪದ ಕುಫ್ರಿ ಎಂಬ ಊರಿನ ಹೆಸರೇ ಆ ಕೇಂದ್ರದ ತಳಿಗಳಿಗೆಲ್ಲ ಮನೆತನದ ಹೆಸರಿನಂತೆ ಅಂಟಿಕೊಂಡಿದೆ. ನಾವೆಲ್ಲ ಬಲ್ಲ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದದ್ದು. ಮೊಟ್ಟೆಯಾಕಾರದ ಬಿಳಿ ಗೆಡ್ಡೆ, ಮೇಲುಮೇಲಾದ ಕಣ್ಣು, ಹಲವು ಸೀಮೆಗಳಿಗೆ ಒಗ್ಗುವ ಗುಣ. ಬಂದ ಕಾಲಕ್ಕೆ ಅಂಗಮಾರಿ ರೋಗವನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು. ಕಾಲ ಕಳೆದಂತೆ ರೋಗಾಣುವೂ ಬದಲಾಯಿತು, ಜ್ಯೋತಿಯ ಆ ಶಕ್ತಿ ಕುಂದಿತು. 2006ರಲ್ಲಿ ಬಂದ ಕುಫ್ರಿ ಹಿಮಾಲಿನಿ ಅಂಗಮಾರಿಯನ್ನು ಹೆಚ್ಚು ತಡೆಯುತ್ತದೆ. ಅದೇ ವರ್ಷದ ಕುಫ್ರಿ ಸೂರ್ಯ ಸೆಕೆಯನ್ನು ತಾಳುತ್ತದೆ. ಇವುಗಳಲ್ಲಿ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಯಾವುದು ಒಗ್ಗೀತು ಎಂಬುದನ್ನು ಹೇಳಬೇಕಾದದ್ದು ನಮ್ಮ ಹಿತ್ತಲೇ ಹೊರತು ಮೂಟೆಯ ಮೇಲಿನ ಅಕ್ಷರವಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ದಿಂಬಂ ಘಾಟಿ ಇಳಿದು ಮೇಟುಪಾಳ್ಯಕ್ಕೆ ಹೋದವರು ಅಲ್ಲಿನ ಮಂಡಿಯಿಂದ ನೀಲಗಿರಿಯ ಗೆಡ್ಡೆ ತರುವುದುಂಟು. ಸಾರಿಗೆ ಧಾರಾಳವಾಗಿ ತನ್ನಿ. ಬಿತ್ತನೆಗೆ ಮಾತ್ರ ಬೇಡ. ನೀಲಗಿರಿಯ ಮಣ್ಣಿನಲ್ಲಿ ಆಲೂಗೆಡ್ಡೆಯ ಬೇರಿಗೆ ಹತ್ತುವ ಕೋಶದ ಜಂತುಹುಳು ಇರುವುದು 1961ರಲ್ಲಿ ಪತ್ತೆಯಾಯಿತು. ಸಾಸಿವೆಗಿಂತ ಚಿಕ್ಕದಾದ ಅದರ ಕೋಶದೊಳಗೆ ನೂರಾರು ಮೊಟ್ಟೆಗಳಿದ್ದು, ಅವು ಮಣ್ಣಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಜೀವ ಹಿಡಿದಿರಬಲ್ಲವು. ಈ ಹುಳುವನ್ನು ತಡೆಯುವ ಕುಫ್ರಿ ಸ್ವರ್ಣ ಎಂಬ ತಳಿಯನ್ನೇ 1985ರಲ್ಲಿ ನೀಲಗಿರಿಗಾಗಿ ಬಿಡುಗಡೆ ಮಾಡಬೇಕಾಯಿತು. ಗೆಡ್ಡೆಗೆ ಅಂಟಿದ ಒಂದು ಚಿಟಿಕೆ ಮಣ್ಣು ಸಾಕು, ನಮ್ಮ ಮಕ್ಕಳ ಕಾಲದವರೆಗೂ ಹೊಲ ಕೆಡಲು. ಅಲ್ಲಿಂದ ತಂದ ಗೆಡ್ಡೆಯನ್ನು ತೊಳೆದ ನೀರನ್ನೂ ಪಾತಿಗೆ ಚೆಲ್ಲಬಾರದು.

ಈಗ ಹಿತ್ತಲ ಕೆಲಸಕ್ಕೆ ಬರೋಣ. ಆಲೂಗೆಡ್ಡೆ ಗೆಡ್ಡೆ ಕಟ್ಟಬೇಕಾದರೆ ರಾತ್ರಿ ತಂಪಾಗಿರಬೇಕು. ಆದ್ದರಿಂದ ಜೋರು ಮಳೆ ಹಿಂದಾದ ಮೇಲೆ, ಕಾರ್ತಿಕದ ಸುಮಾರಿಗೆ ನೆಟ್ಟು ಮಾಘದೊಳಗೆ ಅಗೆಯುವುದು ಒಳ್ಳೆಯದು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಬೆಳೆದ ಪಾತಿ ಬೇಡ. ಇವೆಲ್ಲ ಆಲೂಗೆಡ್ಡೆಯ ದಾಯಾದಿಗಳು, ಒಂದರ ಸೊರಗು ರೋಗ ಇನ್ನೊಂದಕ್ಕೂ ಹತ್ತುತ್ತದೆ. ಹಿತ್ತಲ ನೀರು ಹೊಲಕ್ಕೆ ಹರಿಯದಂತಹ ಮೂಲೆಯನ್ನು ಆರಿಸಿ.

ಬಿತ್ತನೆಗೆ ಕೋಳಿಮೊಟ್ಟೆ ಗಾತ್ರದ, ನಲವತ್ತು ಐವತ್ತು ಗ್ರಾಂ ತೂಗುವ ಇಡೀ ಗೆಡ್ಡೆಯೇ ಲೇಸು. ರೋಗದ ಗೆಡ್ಡೆಯನ್ನು ಕೊಯ್ದ ಕತ್ತಿ ಒಳ್ಳೆಯ ಗೆಡ್ಡೆಗೂ ರೋಗ ಹಚ್ಚುತ್ತದೆ. ಹೊಸದಾಗಿ ಅಗೆದ ಗೆಡ್ಡೆ ಎರಡು ತಿಂಗಳಷ್ಟು ನಿದ್ದೆ ಮಾಡುತ್ತದೆ, ಏನು ಮಾಡಿದರೂ ಮೊಳೆಯದು. ಎಚ್ಚೆತ್ತ ಗೆಡ್ಡೆಯನ್ನು ಬಿಸಿಲು ಬೀಳದ, ಬೆಳಕಿರುವ ಜಾಗದಲ್ಲಿ ಹರಡಿದರೆ ಗಿಡ್ಡನೆಯ ಗಟ್ಟಿ ಮೊಳಕೆ ಬರುತ್ತದೆ. ಎರಡು ಅಡಿಗೊಂದು ಸಾಲು, ಮುಕ್ಕಾಲು ಅಡಿಗೆ ತುಸು ಕಡಮೆ ಅಂತರದಲ್ಲಿ ಒಂದು ಗೆಡ್ಡೆ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಅರ್ಧ ಸೆಂಟಿಗೆ ಮೂರು ನಾಲ್ಕು ಮಂಕರಿ ಬೇಕು. ತಿಂಗಳಾಗುವ ಹೊತ್ತಿಗೆ ಬುಡಕ್ಕೆ ಮಣ್ಣು ಏರಿಸಬೇಕು. ಬೆಳಕು ಬಿದ್ದು ಹಸಿರಾದ ಗೆಡ್ಡೆ ವಿಷ. ಅದನ್ನು ತಿನ್ನಲೂ ಬಾರದು, ದನಕ್ಕೆ ಹಾಕಲೂ ಬಾರದು.

ಮೋಡ ಕವಿದು ಇಬ್ಬನಿ ಬೀಳುವ ದಿನಗಳಲ್ಲಿ ಅಂಗಮಾರಿ ಬರುತ್ತದೆ. ರೋಗ ಕಾಣುವ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು 5 ಲೀಟರಿನಲ್ಲಿ ಬೇರೆ ಬೇರೆಯಾಗಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಸಬೇಕು. ಪಾತ್ರೆ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಇರಲಿ. ಹೊಳೆಯುವ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಿ. ಅದೇ ದಿನ ಬಳಸಿ ಮುಗಿಸಿ.

ಲೆಕ್ಕವನ್ನೂ ನೋಡೋಣ. ಅರ್ಧ ಸೆಂಟಿನಲ್ಲಿ ಸುಮಾರು 165 ಗಿಡ ಹಿಡಿಸುತ್ತವೆ. ಬಿತ್ತನೆಗೆ ಏಳೆಂಟು ಕಿಲೋ ಗೆಡ್ಡೆ ಸಾಕು. ಗಿಡಕ್ಕೆ ಕಾಲು ಕಿಲೋ ಬಂದರೂ ನಲವತ್ತು ಕಿಲೋ ಆಯಿತು. ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಬಳ್ಳಿ ಕೊಯ್ದು, ಹತ್ತು ದಿನ ಬಿಟ್ಟು ಅಗೆಯಿರಿ. ಹೆಬ್ಬೆರಳಿನಿಂದ ಉಜ್ಜಿದಾಗ ಸಿಪ್ಪೆ ಸುಲಿಯದಿದ್ದರೆ ಗೆಡ್ಡೆ ಬಲಿತಿದೆ. ತಳಿತಳಿಗೆ ಬೇರೆ ಬೇರೆ ತೂಗಿ, ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿಡಿ. ಆ ಒಂದು ಹಾಳೆಗಿರುವ ಬೆಲೆ ಹತ್ತು ಜನರ ಬಾಯಿಮಾತಿಗಿಲ್ಲ.

ಈ ವರ್ಷ ಹಿತ್ತಲಲ್ಲಿ ನೋಡಿದ ಮೂಟೆ ಬೇರೆ, ಮುಂದಿನ ವರ್ಷ ಕೊಳ್ಳುವ ಮೂಟೆ ಬೇರೆಯಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಮನೆಯ ಗೆಡ್ಡೆಯನ್ನೇ ವರ್ಷ ವರ್ಷ ಬಿತ್ತೋಣವೆಂದರೆ ನಮ್ಮ ಬೆಚ್ಚನೆಯ ಸೀಮೆಯಲ್ಲಿ ಹೇನುಗಳು ನಂಜುರೋಗ ಹರಡಿ ಗೆಡ್ಡೆ ಸಣ್ಣದಾಗುತ್ತ ಹೋಗುತ್ತದೆ. ಹೇನು ಕಡಮೆಯಿರುವ ಚಳಿಗಾಲದಲ್ಲಿ ಪಂಜಾಬಿನಲ್ಲಿ ಬೆಳೆದ ಬಿತ್ತನೆಗೆ ನಾವು ಕಾಯುವುದು ಅದಕ್ಕಾಗಿಯೇ. ಆದ್ದರಿಂದ ಪ್ರತಿ ಮೂಟೆಯಿಂದ ನಾಲ್ಕು ಗೆಡ್ಡೆ ತೆಗೆದು ಅಡ್ಡಕ್ಕೆ ಕೊಯ್ದು ನೋಡಬೇಕು. ಒಳಗೆ ಕಂದು ಉಂಗುರ ಕಂಡರೆ, ಹಿಸುಕಿದಾಗ ಬಿಳಿ ಲೋಳೆ ಒಸರಿದರೆ, ಆ ಮೂಟೆ ಪುಕ್ಕಟೆ ಬಂದರೂ ಬೇಡ. ಇದನ್ನು ಗುರುತಿಸುವ ಕಣ್ಣು ಬರುವುದು ಹಿತ್ತಲಲ್ಲಿ ಗಿಡದೊಡನೆ ಬೆಳಗೂ ಬೈಗೂ ಓಡಾಡಿದವರಿಗೆ. ಹಿತ್ತಲ ಗಿಡವೇ ಬಾಡಿತೆನ್ನಿ. ಅದನ್ನು ಬೇರುಸಹಿತ ಕಿತ್ತು ಸುಟ್ಟು, ಆ ಮೂಲೆಗೆ ಎರಡು ಮೂರು ವರ್ಷ ರಾಗಿಯನ್ನೋ ಜೋಳವನ್ನೋ ಹಾಕಿದರಾಯಿತು. ಹೋದದ್ದು ಏಳೆಂಟು ಕಿಲೋ ಗೆಡ್ಡೆ. ಉಳಿದದ್ದು ಒಂದು ಎಕರೆ ಹೊಲ.

ನಾವು ಗಡಿಯಾಚೆ ಉಳಿದ ಕನ್ನಡಿಗರು. ಬೇಸಾಯದ ಕರಪತ್ರ ತಮಿಳಿನಲ್ಲಿ ಬರುತ್ತದೆ. ಓದಲು ಬಾರದ ಹಿರಿಯರು ಅದನ್ನು ಮಡಿಸಿ ಸೂರಿಗೆ ಸಿಕ್ಕಿಸುತ್ತಾರೆ. ತಮಿಳು ಬಲ್ಲ ಮಕ್ಕಳು ಅದನ್ನು ಮನೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಯಾರೂ ಹೇಳದಿದ್ದರೂ ಹಿತ್ತಲ ಮಣ್ಣು ಸುಮ್ಮನಿರುವುದಿಲ್ಲ. ಅದಕ್ಕೆ ತಿಳಿದಿರುವುದು ನಮ್ಮ ಭಾಷೆಯೇ. ಬರುವ ಕಾರ್ತಿಕಕ್ಕೆ ಪ್ರತಿ ಮನೆಯ ಹಿಂದೆಯೂ ಅರ್ಧ ಸೆಂಟು ಆಲೂಗೆಡ್ಡೆ ಇರಲಿ. ಒಡವೆ ಮನೆಯ ಪೆಟ್ಟಿಗೆಯಲ್ಲೇ ಇರಲಿ.