ತೆಳ್ಳಗಾಗಲು ದುಡ್ಡೇಕೆ?

ನಮ್ಮ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ‘ತೂಕ ಇಳಿಸುವುದು ಹಣವಂತರ ಹವ್ಯಾಸ ಸ್ವಾಮಿ, ನಮ್ಮಂಥ ಸಂಬಳದಾರರಿಗೆ ಅದೆಲ್ಲ ಎಲ್ಲಿ ಸಾಧ್ಯ?’ ಎಂದರು. ಈ ಮಾತನ್ನು ನಾನು ವಿರೋಧಿಸುತ್ತೇನೆ. ಎರಡು ವರ್ಷಗಳ ಹಿಂದೆ ನಾನೂ ಇದನ್ನೇ ಆಡುತ್ತಿದ್ದೆನಾದ್ದರಿಂದ ಇನ್ನಷ್ಟು ತೀವ್ರವಾಗಿ ವಿರೋಧಿಸುತ್ತೇನೆ.

ಆಗ ನನಗೆ 54 ವರ್ಷ. ಕಚೇರಿಯ ವಾರ್ಷಿಕ ವೈದ್ಯಕೀಯ ತಪಾಸಣೆಯಲ್ಲಿ ನನ್ನ ತೂಕ 88 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್ ಎಂದು ದಾಖಲಾಯಿತು. ಭಾರತೀಯ ಪುರುಷರಿಗೆ 90 ಸೆಂಟಿಮೀಟರ್ ದಾಟಿದರೆ ಅಪಾಯ. ರಕ್ತದ ಸಕ್ಕರೆಯೂ ಹೊಸ್ತಿಲಿಗೆ ಬಂದು ನಿಂತಿತ್ತು. ಇದೇ ಸಕ್ಕರೆಯಿಂದ ಮೂತ್ರಪಿಂಡ ಕೆಟ್ಟು ನನ್ನ ತಂದೆ 61ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಭಯದಿಂದ ವಿಚಾರಿಸಹೊರಟೆ. ವ್ಯಾಯಾಮಶಾಲೆಗೆ ತಿಂಗಳಿಗೆ 2,500 ರೂಪಾಯಿ. ಮೂರು ತಿಂಗಳ ಆಹಾರ ಸಲಹೆಗೆ 18,000 ರೂಪಾಯಿ. ಡಬ್ಬಿಯ ಪುಡಿಗೆ ಬೇರೆ ಲೆಕ್ಕ. ಮನೆಸಾಲದ ಕಂತು, ಮಗನ ಎಂಜಿನಿಯರಿಂಗ್ ಶುಲ್ಕ, ಊರಿನಲ್ಲಿರುವ ತಾಯಿಯ ಔಷಧಿ ಇವೆಲ್ಲ ಕಳೆದ ಮೇಲೆ ಅದಕ್ಕೆ ಎಡೆಯೇ ಇರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ, 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿ ಎಂದು ಅಂದಾಜಿಸಿದೆ. ಇಷ್ಟು ಜನರ ಭಯ ಇರುವಲ್ಲಿ ವ್ಯಾಪಾರ ಬಾರದೆ ಇರುತ್ತದೆಯೇ? ನಮ್ಮ ರಾಗಿಯನ್ನೇ ನೋಡಿ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದೆದುರು ಗೆದ್ದದ್ದು ಬಡವರ ಈ ಧಾನ್ಯ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ್ದು ರೈತನ ಕಣಜ ತುಂಬಲೆಂದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಬಳಿಕ ಅದೇ ರಾಗಿ ದೆಹಲಿಯ ಅಂಗಡಿಗಳಲ್ಲಿ ಬಿಸ್ಕತ್ತಿನ ವೇಷದಲ್ಲಿ, ಸಕ್ಕರೆ ಬೆರೆಸಿಕೊಂಡು, ದುಬಾರಿ ಬೆಲೆಗೆ ಕುಳಿತಿದೆ.

ಹಾಗೆಂದು ರಾಗಿಯೇ ಔಷಧವೆನ್ನುವ ನಮ್ಮವರ ಹೆಮ್ಮೆಯನ್ನೂ ನಾನು ಒಪ್ಪಲಾರೆ. ಅದರಲ್ಲಿ ಸುಣ್ಣದ ಅಂಶವೂ ನಾರೂ ಹೆಚ್ಚು, ನಿಜ. ಆದರೆ ಶಕ್ತಿಯ ಲೆಕ್ಕದಲ್ಲಿ ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ನನ್ನಜ್ಜ ಎರಡು ಮುದ್ದೆ ಉಂಡು ಹೊಲ ಉಳುತ್ತಿದ್ದ. ನಾನು ಎರಡು ಮುದ್ದೆ ಉಂಡು ಕಡತಕ್ಕೆ ಸಹಿ ಹಾಕುತ್ತಿದ್ದೆ.

ನಾನು ಕೊಂಡದ್ದು 1,400 ರೂಪಾಯಿಯ ಬೂಟು ಮತ್ತು ದರ್ಜಿಯ ಅಳತೆಪಟ್ಟಿ, ಅಷ್ಟೆ. ಮುದ್ದೆ ಎರಡಿದ್ದದ್ದು ಒಂದಾಯಿತು. ಹುರುಳಿ ಸಾರು, ಹೆಸರುಕಾಳು, ಚಳಿಗಾಲದಲ್ಲಿ ಇಲ್ಲಿ ಅಗ್ಗವಾಗಿ ಸಿಗುವ ಪಾಲಕ್, ಮೆಂತ್ಯ, ಮೂಲಂಗಿ ತಟ್ಟೆಯ ಅರ್ಧವನ್ನು ಆಕ್ರಮಿಸಿದವು. ನಾಲ್ವರಿಗೆ ತಿಂಗಳಿಗೆ ನಾಲ್ಕು ಲೀಟರ್ ಬೇಕಾಗುತ್ತಿದ್ದ ಎಣ್ಣೆ ಎರಡಕ್ಕೆ ಇಳಿಯಿತು. ಕಚೇರಿಯ ಸಂಜೆಯ ಸಮೋಸ ನಿಂತಿತು. ದಿನವೂ ಮುಕ್ಕಾಲು ಗಂಟೆ ನಡಿಗೆ. ನವೆಂಬರಿನ ವಿಷಗಾಳಿಯ ದಿನಗಳಲ್ಲಿ ಹೊರಗೆ ಹೋಗದೆ ಕಚೇರಿಯ ಮೆಟ್ಟಿಲು. ಹದಿನಾಲ್ಕು ತಿಂಗಳಲ್ಲಿ ತೂಕ 76 ಕಿಲೋಗೂ ಸೊಂಟ 93 ಸೆಂಟಿಮೀಟರಿಗೂ ಬಂದಿದೆ. ಗುರಿ ಇನ್ನೂ ಮುಟ್ಟಿಲ್ಲ. ಮನೆಖರ್ಚು ಮಾತ್ರ ಇಳಿದಿದೆ.

ಆದರೆ ಒಂದು ಅನ್ಯಾಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲ ಮೂರು ತಿಂಗಳು ‘ಪಥ್ಯ’ ನನ್ನದಾಗಿತ್ತು, ದುಡಿಮೆ ನನ್ನ ಹೆಂಡತಿಯದು: ಮನೆಯವರಿಗೊಂದು ಅಡುಗೆ, ನನಗೊಂದು. ಕಚೇರಿಯಿಂದ ದಣಿದು ಬರುವವಳು ಅವಳೂ ಹೌದು. ಒಂದು ದಿನ ಅವಳು ಸೌಟನ್ನು ನನ್ನ ಕೈಗಿತ್ತು ಹೊರನಡೆದಳು. ಅಂದಿನಿಂದ ಸೊಪ್ಪು ಬಿಡಿಸುವವನೂ ಸಾರು ಕುದಿಸುವವನೂ ನಾನೇ. ಎಲ್ಲರಿಗೂ ಒಂದೇ ಅಡುಗೆ. ಬಾಣಲೆಗೆ ಎಷ್ಟು ಎಣ್ಣೆ ಬೀಳುತ್ತದೆಂಬುದು ನನಗೆ ತಿಳಿದದ್ದೇ ಆಗ. ನಮ್ಮ ಗಂಡಸರ ಬಡತನ ಜೇಬಿನದಲ್ಲ, ಅಡುಗೆಮನೆಯ ಹೊಸ್ತಿಲು ದಾಟದ ಸೋಮಾರಿತನದ್ದು ಎಂಬುದೇ ನನ್ನ ವಾದ.

ಕೊನೆಯದಾಗಿ ನಮ್ಮ ಸಂಘಕ್ಕೊಂದು ಮಾತು. ಹೊರನಾಡಿನಲ್ಲಿ ನಾವು ಕನ್ನಡತನವನ್ನು ಬಹುಮಟ್ಟಿಗೆ ಎಲೆಯ ಮೇಲೆ ಉಳಿಸಿಕೊಂಡಿದ್ದೇವೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ಎಲೆಯ ಮೇಲೆ ಮೈಸೂರುಪಾಕಿಗೆ ಇರುವ ಸ್ಥಾನ ಸೊಪ್ಪಿನ ಸಾರಿಗೆ ಏಕಿಲ್ಲ? ಮುಂದಿನ ರಾಜ್ಯೋತ್ಸವದಂದು ಒಂದು ಮುದ್ದೆ, ಸೊಪ್ಪಿನ ಸಾರು, ಕೋಸಂಬರಿ, ಒಂದೇ ಒಂದು ಹೋಳಿಗೆ ಇಷ್ಟನ್ನು ಬಡಿಸೋಣ. ಅಡುಗೆಗೆ ಗಂಡಸರೇ ನಿಲ್ಲೋಣ. ಸೊಪ್ಪು ಬಿಡಿಸಲು ಮೊದಲ ಹೆಸರು ನನ್ನದು. ಎರಡನೆಯ ಹೆಸರನ್ನು ಆ ಹಿರಿಯ ಸದಸ್ಯರು ಕೊಡುವರೆಂದು ಕಾಯುತ್ತಿದ್ದೇನೆ.